ಕೋಣದ ಹಿಂದಿನ ಕಾಲುಗಳು

ಈಗಷ್ಟೇ ಮಣಿಪಾಲದಿಂದ ಬಂದೆ ಮಾರಾಯ್ರೆ. ಕೋಣದ ಬಗ್ಗೆ ಆಧುನಿಕ ನೃತ್ಯವಂತೆ. ಒಂದೇ ಕರಿ ಬಟ್ಟೆಯೊಳಗೆ ಇಬ್ಬರು ನರ್ತಕರು. ಮುಂದಿನ ಕಾಲುಗಳು ಓಟಕ್ಕೆ ಹೊರಟರೆ ಹಿಂದಿನ ಕಾಲುಗಳು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವು. ಇಡೀ ಸಭೆ ಗಂಭೀರ. ನನ್ನ ಶಾಲೆಯ ಗೆಳೆಯ ಹಮೀದ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂಕಲ್, ನಗಬೇಡಿ. ಇದು ಕಲೆ," ಎಂದಳು ಹಿಂದಿನ ಸಾಲಿನ ಹುಡುಗಿ.

"ಎಮರ್ಜೆನ್ಸಿ ಟೈಮಲ್ಲೇ ನಾವು ಕೋಣ ಆಗಿದ್ದೆವು ಮಗಾ," ಎಂದ ಹಮೀದ್.

ಹೌದು, ನಮ್ಮೂರು ಬೆಳ್ಮಣ್ಣಿನಲ್ಲಿ, ಸ್ಕೂಲ್ ಡೇ ನಾಟಕಕ್ಕೆ. ಅವನ ಅಜ್ಜಿಯ ಕರಿ ಕಂಬಳಿ, ಅಡಿಕೆ ಹಾಳೆಯ ಕೊಂಬು. ಮುಂದಿನ ಕಾಲು ನಾನು, ಹಿಂದಿನದು ಅವನು. ಕಂಬಳಿಯೊಳಗಿನ ಆ ಬೆವರು, ನನ್ನ ಸೊಂಟ ಹಿಡಿದ ಅವನ ಕೈ ಇನ್ನೂ ನೆನಪುಂಟು. "ಎಲ್ಲಿಗೆ ಅಂತ ಹೇಳಿ ಹೋಗು ಮಾರಾಯ, ನನಗೆ ಎಂತದೂ ಕಾಣುವುದಿಲ್ಲ!" ಎಂದು ವೇದಿಕೆಯಲ್ಲೇ ಕೂಗಿದ್ದ. ಊರಿಡೀ ನಕ್ಕಿತ್ತು.

ಇವತ್ತು ಹೊರಡುವಾಗ ಮೆಟ್ಟಿಲ ಹತ್ತಿರ ಹಮೀದ್ ನಿಂತುಬಿಟ್ಟ. ಮಂಡಿ ನೋವು, ಕಣ್ಣೂ ಈಗ ಮಂದ. ಹಿಂದಿನಿಂದ ಬಂದು ನನ್ನ ಸೊಂಟ ಹಿಡಿದ. ಹಾಗೆಯೇ ಇಬ್ಬರೂ ಇಳಿದೆವು.

ಕೆಳಗೆ ನಿಂತಿದ್ದ ಅದೇ ಹುಡುಗಿಗೆ ನಗು ತಡೆಯಲಾಗಲಿಲ್ಲ.

"ನಗಬಾರದು ಮಗಾ," ಎಂದ ಹಮೀದ್ ನನ್ನ ಬೆನ್ನ ಹಿಂದಿನಿಂದ. "ಇದು ಕಲೆ."