ಚಕ್ರಪಾಣಿಯವರ ಎರಡನೆಯ ಚಂದ್ರ

ಬನಶಂಕರಿ ಎರಡನೇ ಹಂತದಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಚಕ್ರಪಾಣಿಯವರು. ಅವರು ಕೆಳಗೆ, ನಾನು ಮೇಲೆ. ಹತ್ತೊಂಬತ್ತು ವರ್ಷದಿಂದ ಹೀಗೇ ಇದ್ದೇವೆ. ಇಷ್ಟು ವರ್ಷ ಒಬ್ಬ ಬಾಡಿಗೆದಾರ ಒಂದೇ ಮನೆಯಲ್ಲಿ ಉಳಿದಿದ್ದಾನೆ ಎಂದರೆ ಮಾಲೀಕರು ದೇವರಂಥವರು ಎಂದು ಜನ ತಿಳಿಯುತ್ತಾರೆ. ದೇವರಂಥವರೇ, ಒಪ್ಪುತ್ತೇನೆ. ಆದರೆ ಯಾವ ದೇವರೂ ಭಕ್ತನನ್ನು ದಿನಾ ಸಂಜೆ ಟೆರೇಸಿಗೆ ಕರೆದು ಭೂಮಿ ಹೇಗೆ ನಾಶವಾಗುತ್ತದೆ ಎಂದು ವಿವರಿಸುವುದಿಲ್ಲ.

ಅವರು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಪಂಚಾಂಗದ ಕರಡು ತಿದ್ದಿದವರು. ತಿಥಿ, ನಕ್ಷತ್ರ, ಯಾವ ಗ್ರಹ ಯಾವ ರಾಶಿಯಲ್ಲಿ ಎಂಬ ಆ ಸಣ್ಣ ಅಂಕಿಗಳಲ್ಲಿ ಒಂದು ತಪ್ಪಿದರೂ ಎಲ್ಲೋ ಯಾರದೋ ಮದುವೆ ರಾಹುಕಾಲಕ್ಕೆ ಬೀಳುತ್ತದೆ ಎಂದು ಹೆದರಿಕೊಂಡೇ ಕೆಲಸ ಮಾಡಿದವರು. ಗ್ರಹಗಳ ಜೊತೆ ಅಷ್ಟು ವರ್ಷ ಏಗಿದ್ದರಿಂದ ಅವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ಅದನ್ನು ಅವರು ನನಗೆ ಮೊದಲ ಸಲ ಹೇಳಿದ್ದು ದೇವಸ್ಥಾನದಲ್ಲಿ, ನವಗ್ರಹ ಸುತ್ತುತ್ತಿದ್ದಾಗ.

"ಅಲ್ರೀ ಶಂಭುಲಿಂಗಪ್ನೋರೇ, ಶನಿ ಆಕಾಶದಲ್ಲಿ ಎಷ್ಟು ದೊಡ್ಡದಾಗಿ ಕಾಣ್ಸುತ್ತೆ? ಸಾಸಿವೆ ಕಾಳಷ್ಟು. ಸಾಸಿವೆ ಕಾಳಿಗೆ ಯಾರಾದ್ರೂ ಎಳ್ಳೆಣ್ಣೆ ದೀಪ ಹಚ್ಚಿ ಗಡಗಡ ನಡುಗ್ತಾರಾ? ಒಂದು ಕಾಲದಲ್ಲಿ ಅದು ಹತ್ತಿರ ಬಂದಿತ್ತು. ನಮ್ಮೋರು ಕಣ್ಣಾರೆ ನೋಡಿದ್ರು. ಆ ಭಯ ಇನ್ನೂ ಹೋಗಿಲ್ಲ ಅಷ್ಟೇ."

ಅವರ ಪ್ರಕಾರ ನಮ್ಮ ಪುರಾಣವೆಲ್ಲ ಆಕಾಶದ ಅಪಘಾತಗಳ ವರದಿ. ಸಾವಿರ ವರ್ಷಕ್ಕೊಮ್ಮೆ ಒಂದೇ ಸಾಲಿಗೆ ಬಂದು ಸುಟ್ಟುಹೋದ ತ್ರಿಪುರಗಳು ಊರುಗಳಲ್ಲ, ಮೂರು ಗ್ರಹಗಳು. ಸಮುದ್ರಮಥನದಲ್ಲಿ ಹಗ್ಗವಾಗಿದ್ದ ವಾಸುಕಿ ಒಂದು ಧೂಮಕೇತುವಿನ ಬಾಲ. ಹಾಲಾಹಲ ಅದರ ವಿಷಗಾಳಿ. ಚಂದ್ರನೂ ಆ ಕಡೆತದಲ್ಲೇ ಎದ್ದು ಬಂದನಲ್ಲ, ಅಂದರೆ ಅವನು ಮೊದಲಿನಿಂದ ಇದ್ದವನಲ್ಲ, ಆಮೇಲೆ ಬಂದವನು. "ಒಬ್ಬ ಬಂದ ಮೇಲೆ ಇನ್ನೊಬ್ಬ ಬರಬಾರ್ದು ಅಂತ ಏನಿದೆ?" ಎಂದು ಕೇಳುತ್ತಿದ್ದರು. ಇದನ್ನೆಲ್ಲ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳು ಅವರ ಬೀರುವಿನಲ್ಲಿವೆ. ತಮ್ಮದೇ ಬರಹವನ್ನು ತಾವೇ ಕೆಂಪು ಶಾಯಿಯಲ್ಲಿ ತಿದ್ದಿಕೊಂಡಿದ್ದಾರೆ.

ನಾನು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಮೀಟರಿನಲ್ಲಿ ಮುಳ್ಳು ಅಲ್ಲಾಡದೆ ಕರೆಂಟಿದೆ ಎಂದು ಒಪ್ಪದ ಜಾತಿ. ಹಾಗಾಗಿ ನಮ್ಮಿಬ್ಬರಿಗೂ ಜಗಳ ಚೆನ್ನಾಗಿ ಕೂಡಿಬರುತ್ತಿತ್ತು. ಅವರ ಹೆಂಡತಿ ಸರಸ್ವತಮ್ಮನವರು ಕಾಫಿ ತಂದಿಟ್ಟು, "ಪ್ರಳಯ ಆಮೇಲೆ ಮಾಡಿ, ಮೊದ್ಲು ಕಾಫಿ ಕುಡೀರಿ" ಎನ್ನುತ್ತಿದ್ದರು.

ಈ ವರ್ಷದ ಆರಂಭದಲ್ಲಿ ನಮ್ಮ ಜಗಳ ಗ್ರಹಗಳನ್ನು ಬಿಟ್ಟು ಬೀದಿ ದೀಪಕ್ಕೆ ಇಳಿಯಿತು. ಕಂಬಕ್ಕೆರಡೆರಡು ದೀಪ ಹಾಕಿ ಸರ್ಕಾರ ದುಡ್ಡು ಪೋಲು ಮಾಡುತ್ತಿದೆ ಎಂದು ಚಕ್ರಪಾಣಿಯವರು ಒಂದು ದೂರು ಬರೆದು, ನನಗೆ ತೋರಿಸಿದರು. ನನಗೆ ರೇಗಿತು. ಜನ್ಮವಿಡೀ ಕಂಬ ನೋಡಿದವನಿಗೆ ಇವರು ದೀಪ ಎಣಿಸಲು ಕಲಿಸುತ್ತಾರೆಯೇ? "ಒಂದು ಕಂಬಕ್ಕೆ ಒಂದೇ ದೀಪ ಸ್ವಾಮಿ. ಸುಮ್ನೆ ತಲೆ ತಿನ್ಬೇಡಿ" ಎಂದು ಕಾಗದ ವಾಪಸು ಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಈಗ ಅದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಅದಾಗಿ ಕೆಲವು ವಾರಕ್ಕೆ ಅವರು ಮಾತು ನಿಲ್ಲಿಸಿದರು. ನನ್ನೊಂದಿಗೆ ಮಾತ್ರವಲ್ಲ, ಎಲ್ಲರೊಂದಿಗೆ. ಟೆರೇಸಿಗೆ ಬರಲಿಲ್ಲ. ಜೆ.ಪಿ. ನಗರದಿಂದ ಮಗ ಮಯೂರ್ ಭಾನುವಾರ ಬಂದರೂ ಪೇಪರಿನ ಹಿಂದೆ ಮುಖ ಮರೆಸಿ ಕೂತಿರುತ್ತಿದ್ದರು. ಪ್ರಳಯದ ಕಾಟ ತಪ್ಪಿತೆಂದು ನಾನು ಒಂದು ವಾರ ಆರಾಮವಾಗಿದ್ದೆ. ಎರಡನೇ ವಾರ ಆ ಮೌನ ಸಹಿಸಲಾಗಲಿಲ್ಲ.

ಹುಣ್ಣಿಮೆಯ ದಿನ ಸಂಜೆ ಏಳು ಗಂಟೆಗೆ ಅವರೇ ನನ್ನ ಬಾಗಿಲು ತಟ್ಟಿದರು. "ಸ್ವಲ್ಪ ಮೇಲೆ ಬರ್ತೀರಾ?"

ಹೋದೆ. ಪೂರ್ವಕ್ಕೆ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಚಂದ್ರ ಬಂದಿದ್ದ. ಚಕ್ರಪಾಣಿಯವರು ಅತ್ತ ನೋಡದೆ ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಎಷ್ಟು ಕಾಣ್ಸುತ್ತೆ?"

"ಏನು ಎಷ್ಟು?"

"ಚಂದ್ರ."

"ಒಂದು. ಇನ್ನೆಷ್ಟು ಕಾಣ್ಬೇಕು?"

ಅವರ ಮುಖ ಬಿದ್ದುಹೋಯಿತು. ಸಿಮೆಂಟ್ ಕಟ್ಟೆಯ ಮೇಲೆ ಕೂತರು. "ನನಗೆ ಎರಡು ಕಾಣ್ತಿದೆ. ಒಂದರ ಪಕ್ಕ ಇನ್ನೊಂದು, ಸ್ವಲ್ಪ ಮಂಕಾಗಿ. ಎರಡು ತಿಂಗಳಾಯ್ತು. ಒಂದು ಕಣ್ಣು ಮುಚ್ಚಿ ನೋಡ್ದೆ, ಎರಡೇ. ಇನ್ನೊಂದು ಮುಚ್ಚಿ ನೋಡ್ದೆ, ಆಗ್ಲೂ ಎರಡೇ. ಒಂದೇ ಕಣ್ಣಲ್ಲಿ ಎರಡು ಕಂಡ್ರೆ ಅದು ಕಣ್ಣಿನ ದೋಷ ಅಲ್ಲ ಅಲ್ವಾ? ಅಂದ್ರೆ ಆಕಾಶ ಕೆಟ್ಟಿರ್ಬೇಕು. ಇಲ್ಲ, ನನ್ನ ತಲೆ ಕೆಟ್ಟಿರ್ಬೇಕು."

ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ನಮ್ಮಣ್ಣನಿಗೂ ಹಿಂಗೇ ಶುರುವಾಗಿದ್ದು. ಬಾವಿ ಕಟ್ಟೆ ಮೇಲೆ ಯಾರೋ ಕೂತಿದಾರೆ ಅನ್ನೋನು. ಯಾರೂ ಇರ್ತಿರ್ಲಿಲ್ಲ. ಆರು ವರ್ಷ ಒಂದು ರೂಮಲ್ಲಿಟ್ಟು ಬೀಗ ಹಾಕಿದ್ವಿ. ಅಲ್ಲೇ ಹೋದ."

ಹತ್ತೊಂಬತ್ತು ವರ್ಷದಿಂದ ಭೂಮಿ ಮುಳುಗುವುದನ್ನು ಉತ್ಸಾಹದಿಂದ ವಿವರಿಸಿದ ಮನುಷ್ಯ ಈಗ ಆಕಾಶವೇ ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದರು.

"ಆದ್ರೆ ಸರಸ್ವತಿಗೂ ಎರಡು ಕಾಣುತ್ತೆ" ಎಂದರು, ತಟ್ಟನೆ ತಲೆಯೆತ್ತಿ. "ಅದೊಂದೇ ನನಗೆ ಧೈರ್ಯ."

ಸರಸ್ವತಮ್ಮ ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಿದ್ದರು. ನಾನು ನೇರವಾಗಿ ಕೇಳಿದೆ. ಅವರು ತಂತಿಯಿಂದ ಪಂಚೆ ಎಳೆದುಕೊಳ್ಳುತ್ತ, "ಹೌದು, ಎರಡಿದೆ" ಎಂದರು. ಸೊಪ್ಪಿನವಳು ಬಂದಿದ್ದಾಳೆ ಎನ್ನುವಷ್ಟು ಸಲೀಸಾಗಿ ಹೇಳಿದರು.

ನಿಜ ಹೇಳುತ್ತೇನೆ, ನಾನು ಹೆದರಿದೆ. ಇಬ್ಬರಿಗೆ ಎರಡು, ಒಬ್ಬನಿಗೆ ಒಂದು. ಮತ ಎಣಿಸಿದರೆ ನಾನೇ ಸೋತೆ. ಇನ್ನೊಮ್ಮೆ ನೋಡಿಯೇ ಬಿಡೋಣವೆಂದು ಮೆಟ್ಟಿಲಿಳಿದು ಬೀದಿಗೆ ಹೋದೆ. ಅಲ್ಲಿಂದಲೂ ಒಂದೇ ಚಂದ್ರ. ಅದರ ಕೆಳಗೆ ಒಂದು ಕಂಬ, ಕಂಬದ ಮೇಲೆ ಒಂದು ದೀಪ.

ಆಗ ಆ ದೂರಿನ ಕಾಗದ ನೆನಪಾಯಿತು.

ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. "ಚಕ್ರಪಾಣಿಯವ್ರೇ, ಆ ಕಂಬದಲ್ಲಿ ಎಷ್ಟು ದೀಪ?"

"ಎರಡು. ಅವತ್ತೇ ಹೇಳಿದ್ನಲ್ಲ, ನೀವೇ ಬೈದ್ರಿ."

"ಆ ಮೆಡಿಕಲ್ ಸ್ಟೋರಿನ ಬಾಗ್ಲಲ್ಲಿ?"

ಕಣ್ಣು ಕಿರಿದು ಮಾಡಿ ನೋಡಿದರು. "ಎರಡು."

"ಅಲ್ಲಿರೋದು ಒಂದೇ ಬಲ್ಬು. ಶನಿ ಬಂದು ಮೆಡಿಕಲ್ ಸ್ಟೋರಿನ ಬಲ್ಬನ್ನೂ ಎರಡು ಮಾಡಿದ್ನಾ? ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋಗೋಣ. ತಲೆಯೂ ಕೆಟ್ಟಿಲ್ಲ, ಆಕಾಶವೂ ಕೆಟ್ಟಿಲ್ಲ."

ಅವರು ನಂಬಲಿಲ್ಲ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಆಟೋ ಹಿಡಿದು ಜಯನಗರದ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಸ್ಪಂದನಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಔಷಧಿ ಬಿಟ್ಟು, ಮುಕ್ಕಾಲು ಗಂಟೆ ಕೂರಿಸಿ, ಯಂತ್ರದಲ್ಲಿ ನೋಡಿ, "ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಅಂಕಲ್" ಎಂದರು.

"ಒಂದು ಕಣ್ಣು ಮುಚ್ಚಿದ್ರೂ ಎರಡು ಕಾಣ್ತಿತ್ತಲ್ಲಮ್ಮಾ?"

"ಅದಕ್ಕೇ ಪೊರೆ ಅಂತ ಹೇಳ್ತಿರೋದು. ಎರಡು ಕಣ್ಣಿನ ಹೊಂದಾಣಿಕೆ ತಪ್ಪಿದ್ರೆ, ಒಂದು ಮುಚ್ಚಿದ ತಕ್ಷಣ ಸರಿಹೋಗುತ್ತೆ. ನಿಮಗೆ ಕಣ್ಣೊಳಗಿನ ಲೆನ್ಸೇ ಮಬ್ಬಾಗಿದೆ. ಒಂದೇ ಬೆಳಕು ಒಡೆದು ಎರಡಾಗಿ ಕಾಣುತ್ತೆ."

"ಬರೀ ಪೊರೆನಾ?"

"ಬರೀ ಪೊರೆ."

"ಬೇರೇನೂ ಇಲ್ವಾ? ತಲೆಗೆ ಸಂಬಂಧಪಟ್ಟಿದ್ದು?"

"ಏನೂ ಇಲ್ಲ ಅಂಕಲ್. ಆಪರೇಷನ್ ಆದ್ರೆ ಸರಿಹೋಗುತ್ತೆ."

ಮೂರನೇ ಸಲವೂ ಕೇಳಿದರು. ಆಮೇಲೆ ಎಪ್ಪತ್ನಾಲ್ಕು ವರ್ಷದ ಆ ಮನುಷ್ಯ ಕುರ್ಚಿಯಲ್ಲೇ ನಗಲು ಶುರುಮಾಡಿದರು. ಔಷಧಿಯ ನೀರೋ ಅಳುವೋ, ಕೆನ್ನೆಯೆಲ್ಲ ಒದ್ದೆ. ನನಗೆ ಆ ಡಾಕ್ಟರಿಗೆ ಕೈಮುಗಿಯಬೇಕೆನಿಸಿತು, ಮುಗಿದೂಬಿಟ್ಟೆ.

ನಗು ನಿಂತ ಮೇಲೆ ಚಕ್ರಪಾಣಿಯವರು, "ನಮ್ಮನೆಯವರ ಕಣ್ಣನ್ನೂ ನೋಡ್ಬಿಡಿ. ಅವಳಿಗೂ ಎರಡು ಕಾಣುತ್ತೆ" ಎಂದರು.

"ನನಗೇನೂ ಬೇಡ" ಎಂದು ಸರಸ್ವತಮ್ಮ ಎದ್ದೇಬಿಟ್ಟರು. ಇವರು ಬಿಡಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ನೋಡಿ, "ಆಂಟಿ ಕಣ್ಣು ಚೆನ್ನಾಗಿದೆ. ಎರಡು ಕಾಣೋಕೆ ಕಾರಣವೇ ಇಲ್ವಲ್ಲ" ಎಂದರು. ಚಕ್ರಪಾಣಿಯವರು ಹೆಂಡತಿಯ ಕಡೆ ತಿರುಗಿದರು. ಸರಸ್ವತಮ್ಮ ಪರ್ಸಿನಲ್ಲಿ ಏನನ್ನೋ ಹುಡುಕುತ್ತಿದ್ದರು. ದಾರಿಯುದ್ದಕ್ಕೂ ಯಾರೂ ಆ ಮಾತೆತ್ತಲಿಲ್ಲ.

ಎರಡೂ ಕಣ್ಣಿನ ಆಪರೇಷನ್ ಒಂದಾದ ಮೇಲೊಂದು ಮುಗಿಯಲು ತಿಂಗಳಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ಮಾತಿಗೆ ಬಂದರು. ದೂರಿನ ಕಾಗದವನ್ನು ಹರಿದು ಹಾಕಿದರು. ನೋಟ್‌ಬುಕ್ಕುಗಳನ್ನು ಎಸೆಯುತ್ತಾರೇನೋ ಎಂದುಕೊಂಡಿದ್ದೆ, ಇಲ್ಲ. ಹನ್ನೆರಡನೆಯದನ್ನು ತೆರೆದರು. "ಪ್ರಳಯದಲ್ಲಿ ಹನ್ನೆರಡು ಸೂರ್ಯ ಹುಟ್ತಾರೆ ಅಂತ ಇದೆಯಲ್ಲ, ಅದನ್ನ ನೋಡಿದ ಋಷಿಗೆ ಎಷ್ಟು ವಯಸ್ಸಾಗಿತ್ತು ಅಂತ ಇಷ್ಟು ದಿನ ಯಾಕೆ ಯೋಚಿಸ್ಲಿಲ್ಲ ನಾನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಶನಿಯ ವಿಷಯದಲ್ಲಿ ಒಂದಿಂಚೂ ಬಗ್ಗಿಲ್ಲ.

ಮೊನ್ನೆ ಹುಣ್ಣಿಮೆಗೆ ಮೂವರೂ ಟೆರೇಸಿನಲ್ಲಿದ್ದೆವು. ಟ್ಯಾಂಕಿನ ಮೇಲೆ ಚಂದ್ರ ಬಂದ. ಚಕ್ರಪಾಣಿಯವರು ಬಹಳ ಹೊತ್ತು ನೋಡಿ, "ಒಂದೇ" ಎಂದರು. ಆಮೇಲೆ ಹೆಂಡತಿಯನ್ನು ಕೇಳಿದರು.

"ಯಾಕೆ ಸುಳ್ಳು ಹೇಳ್ದೆ?"

ಸರಸ್ವತಮ್ಮ ಕಾಫಿ ಲೋಟ ಕೆಳಗಿಟ್ಟರು. "ನಿಮ್ಮಣ್ಣನಿಗೆ ಕಿಟಕಿಯಿಂದ ಊಟ ಕೊಡ್ತಿದ್ದೋಳು ನಾನು. ಬಾವಿ ಕಟ್ಟೆ ಮೇಲೆ ಯಾರೂ ಇಲ್ಲ, ಯಾರೂ ಇಲ್ಲ ಅಂತ ಮನೆಯೋರೆಲ್ಲ ಹೇಳಿ ಹೇಳಿ ಅವರನ್ನ ಒಂಟಿ ಮಾಡಿದ್ವಿ. ಅವರಿಗೆ ಹುಚ್ಚಿಗಿಂತ ಅದೇ ಜಾಸ್ತಿ ಆಯ್ತು. ನೀವು ಬಂದು ಕೇಳಿದಾಗ ಅದೇ ಮುಖ ಕಾಣಿಸ್ತು ನನಗೆ. ಇನ್ನೊಂದ್ಸಲ ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ."

ಚಕ್ರಪಾಣಿಯವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಈಗ ಎಷ್ಟು ಕಾಣ್ಸುತ್ತೆ ನಿನಗೆ?" ಎಂದು ಕೇಳಿದರು.

"ನಿಮಗೆ ಎಷ್ಟು ಕಾಣುತ್ತೋ ಅಷ್ಟೇ" ಎಂದರು ಸರಸ್ವತಮ್ಮ.