ಪುಷ್ ಮಾಡಿದ್ಯಾ?

ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗಿ ಕೂತು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ತೋಳಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಣಹಾಕಿದ ಬಟ್ಟೆಗಳ ನಡುವೆ ತಾರಸಿ ಸುತ್ತುತ್ತಿದ್ದಳು. ಕೆಲಸಕ್ಕೆ ಹೊಸಬನಾದ ಜೊತೆಗಾರನಿಗೆ ಫೋನಿನಲ್ಲಿ ಒಂದೇ ಮಾತು: “ಕಮಿಟ್ ಮಾಡಿದ್ಯಾ? ಪುಷ್ ಮಾಡಿದ್ಯಾ?”

ಏನೇ ಅದು ಎಂದು ಕೇಳಿದೆ. ಬರೆದ ಪ್ರೋಗ್ರಾಮನ್ನು ಆಗಾಗ ಗುರುತು ಹಾಕಿ ತನ್ನ ಲ್ಯಾಪ್‌ಟಾಪಿನಲ್ಲೇ ಉಳಿಸಿದರೆ ಕಮಿಟ್, ಮುಂದೆ ಕೆಟ್ಟರೆ ಹಿಂದಿನದಕ್ಕೆ ಮರಳಬಹುದು. ಅದನ್ನೇ ಜೊತೆಯವರಿಗೂ ಕಾಣುವಂತೆ ಇಂಟರ್ನೆಟ್ಟಿಗೆ ಕಳಿಸಿಟ್ಟರೆ ಪುಷ್ ಎಂದಳು. ಹೇಳುವಾಗಲೂ ಕಾಲು ನಿಲ್ಲಲಿಲ್ಲ.

ಇಬ್ಬರೂ ಸೇರಿ ನಾಯಂಡಹಳ್ಳಿಯ ಗೋಡೌನ್ ಒಂದಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದರು. ಅದೇ ಅವರ ಮೊದಲ ಗಿರಾಕಿ; ಸೋಮವಾರ ಕೆಲಸ ತೋರಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳೇ ನೀರಿನ ಮೋಟರ್ ಹಾಕಿ ಮರೆತಳು. ಟ್ಯಾಂಕು ತುಂಬಿ ಸುರಿದು, ಅದರ ಕೆಳಗಿನ ಕಟ್ಟೆಯ ಮೇಲೆ ಅವಳು ಇಟ್ಟಿದ್ದ ಲ್ಯಾಪ್‌ಟಾಪ್ ತೊಯ್ದು ಸತ್ತಿತು.

“ಕಳಿಸಿಟ್ಟಿರ್ತೀಯಲ್ಲ, ಬಿಡೇ,” ಎಂದೆ.

“ಕಮಿಟ್ ಎಲ್ಲಾ ಮಾಡಿದ್ದೆ ಅಜ್ಜಿ. ಪುಷ್ ಮಾಡಿರ್ಲಿಲ್ಲ. ವಾರದ ಕೆಲಸ ಇದರಲ್ಲೇ ಇತ್ತು.”

“ಅವನ ಪ್ರಾಣ ತಿಂತಿದ್ಯಲ್ಲೇ. ನಿಂಗೇನಾಗಿತ್ತು ರೋಗ?”

“ಪೂರ್ತಿ ನೀಟಾಗ್ಲಿ, ಆಮೇಲೆ ಅವನು ನೋಡ್ಲಿ ಅಂತಿದ್ದೆ.”

ಸೋಮವಾರ ಜೊತೆಗಾರನ ಹತ್ತಿರವಿದ್ದ ಅರ್ಧಂಬರ್ಧ ಕೆಲಸವನ್ನೇ ತೋರಿಸಿದರು. ಗೋಡೌನಿನವನು ಕಾಫಿ ಕೊಟ್ಟು, ಆಮೇಲೆ ನೋಡೋಣ ಎಂದು ಕಳಿಸಿದನಂತೆ. ಮತ್ತೆ ಕರೆಯಲಿಲ್ಲ.

ಮನೆ ಬಿಡುವವರೆಗೂ ಅವಳು ತಾರಸಿ ಸುತ್ತುವುದನ್ನು ಬಿಡಲಿಲ್ಲ. ಆದರೆ ಫೋನಿನಲ್ಲಿ “ಪುಷ್ ಮಾಡಿದ್ಯಾ?” ಎನ್ನುವ ಮುಂಚೆ ಒಂದು ಗಳಿಗೆ ನಿಂತು, ತನ್ನದು ಇಂಟರ್ನೆಟ್ಟಿಗೆ ಹೋಗಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು.