ಎದುರುಮನೆಯ ಚಪ್ಪಲಿಗಳು
ಕಲ್ಕತ್ತೆಯ ಆ ಗಲ್ಲಿಯಲ್ಲಿ ಇಪ್ಪತ್ತು ವರ್ಷದಿಂದ ಗಣಿತದ ಟ್ಯೂಷನ್ ಹೇಳುತ್ತಿರುವ ನಿಬಾರನ್ ಸಮಾದ್ದಾರರಿಗೆ, ಎದುರುಮನೆಯ ಹೊಸ ಮೇಷ್ಟ್ರು ಬಿಜನನ ಹೆಸರೆತ್ತಿದರೆ ಸಾಕು, ಮೈಯೆಲ್ಲ ಉರಿ. "ಮೂರೇ ಸಾಲಲ್ಲಿ ಲೆಕ್ಕ ಮುಗಿಸ್ತಾನಂತೆ! ಅದೇನು ಗಣಿತಾನಾ, ಕಣ್ಕಟ್ಟಾ?" ಎನ್ನುತ್ತ ತಾವು ಅದೇ ವರ್ಗಸಮೀಕರಣವನ್ನು ಹನ್ನೊಂದು ಸಾಲಿಗೆ ಎಳೆಯುತ್ತಾರೆ. ಇಂಟಿಗ್ರೇಷನ್ ಲೆಕ್ಕದ ಕೊನೆಗೆ 'ಪ್ಲಸ್ ಸಿ' ಬರೆಯಲು ಮರೆತವರಿಗೆ ಸೊನ್ನೆಯೇ ಗತಿ: "ಕೊನೇದೊಂದು ಬಿಟ್ಟೆಯೋ, ಬರೆದದ್ದೆಲ್ಲ ದಂಡ ಕಣೋ!" ಸಂಜೆಯಾದರೆ ಕಿಟಕಿಗೆ ಅಂಟಿಕೊಂಡು, ಪಾಠಕ್ಕೆ ಬಂದ ಮಕ್ಕಳು ಬಿಜನನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಎಣಿಸುತ್ತಾರೆ. "ಮೂವತ್ತೆಂಟೇ ಜೊತೆ ಕಣೇ," ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಾರೆ. ದಿನವೂ ಅವರ ಎಣಿಕೆಯಿಂದ ಬಿಟ್ಟುಹೋಗುವ ಕೊನೆಯ ಜೊತೆ, ಆ ಕೆಂಪು ಪಟ್ಟಿಯದು, ದುರ್ಗಾಪೂಜೆಗೆಂದು ಅವರೇ ಮಗಳಿಗೆ ಕೊಡಿಸಿದ್ದು.